ಸೌತ್ ಕೋಸ್ಟ್ ಟ್ರ್ಯಾಕ್‌ನ ಕೆಸರಲ್ಲಿ ಏಳು ದಿನ

ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಬೆಳೆದ ನನಗೆ ಮಳೆ, ಉಂಬಳ ಎರಡೂ ಹೊಸದಲ್ಲ. ಅದೇ ಧೈರ್ಯದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಸೌತ್ ಕೋಸ್ಟ್ ಟ್ರ್ಯಾಕ್ ಎಂಬ ಚಾರಣದ ದಾರಿಗೆ ಹೊರಟೆ. ಮೆಲಲ್ಯೂಕಾದಿಂದ ಕಾಕಲ್ ಕ್ರೀಕ್‌ವರೆಗೆ 85 ಕಿಲೋಮೀಟರ್. ಮೆಲಲ್ಯೂಕಾಕ್ಕೆ ರಸ್ತೆಯೇ ಇಲ್ಲ. ಪುಟ್ಟ ವಿಮಾನ ನಮ್ಮಿಬ್ಬರನ್ನು ಇಳಿಸಿ ಹೋಯಿತು, ಇನ್ನು ನಡೆಯುವುದೊಂದೇ ದಾರಿ.

ಹೊರಡುವ ಮೊದಲು ಬೂಟು, ಟೆಂಟಿನ ಗೂಟ ಎಲ್ಲವನ್ನೂ ಮಣ್ಣಿಲ್ಲದಂತೆ ತೊಳೆಯಬೇಕು. ಸುಮ್ನೆ ಒಂದು ನಿಯಮ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅಲ್ಲಿನ ಗಿಡಗಳ ಬೇರು ಕೊಳೆಸುವುದು ಫೈಟೋಫ್ತೊರ ಎಂಬ, ಶಿಲೀಂಧ್ರದಂಥ ಸೂಕ್ಷ್ಮಜೀವಿ. ನಮ್ಮ ಅಡಿಕೆಗೆ ಕೊಳೆರೋಗ ತರುವುದೂ ಅದೇ ಕುಲದ ಇನ್ನೊಂದು ಪ್ರಭೇದ! ಮಳೆಗಾಲದಲ್ಲಿ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಸಲು ಅಪ್ಪ ಪಡುತ್ತಿದ್ದ ಪಾಡು ನೆನಪಾಗಿ, ಬೂಟಿನ ಅಡಿಯನ್ನು ಇನ್ನೊಮ್ಮೆ ಉಜ್ಜಿದೆ.

ಮೊದಲ ದಿನ ಕೆಸರು ತಪ್ಪಿಸಲು ದಾರಿಯ ಅಂಚಿನಲ್ಲೇ ಕಾಲಿಡುತ್ತಿದ್ದೆ. ಜೊತೆಗಿದ್ದ ಗೆಳತಿ ತಡೆದಳು. ಎಲ್ಲರೂ ಅಂಚು ತುಳಿದರೆ ಅಲ್ಲಿನ ಹುಲ್ಲು ಸತ್ತು ಕೆಸರು ಇನ್ನೂ ಅಗಲವಾಗುತ್ತದೆ. ಹಾಗಾಗಿ ಮೊಣಕಾಲವರೆಗೆ ಹೂತರೂ ನಡುವೆಯೇ ನಡೆಯಬೇಕು. ಒಮ್ಮೆ ಒದ್ದೆಯಾಗುವುದನ್ನು ಒಪ್ಪಿಕೊಂಡ ಮೇಲೆ ನಡಿಗೆ ಎಷ್ಟೋ ಹಗುರವಾಯಿತು.

ಆದರೆ ಒಂದು ಜೊತೆ ಬಟ್ಟೆ ಮಾತ್ರ ಒದ್ದೆಯಾಗಲೇಬಾರದು. ಉಣ್ಣೆಯ ಕಾಲುಚೀಲ, ಮೈಗೊಂದು ಅಂಗಿ, ಮಲಗುವ ಚೀಲ, ಇಷ್ಟನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿಟ್ಟಿದ್ದೆ. ಬೆಂಕಿ ಹಾಕಿ ಒಣಗಿಸಿಕೊಳ್ಳೋಣ ಅಂದರೆ ಬೆಂಕಿಗೆ ಅನುಮತಿ ಇಲ್ಲ, ಯಾಕೆಂದರೆ ಅಲ್ಲಿನ ಕೊಳೆತ ಸಸ್ಯಗಳ ಮಣ್ಣೇ ಹೊತ್ತಿಕೊಳ್ಳುತ್ತದೆ. ಬೆಳಿಗ್ಗೆ ಆ ಒಣ ಬಟ್ಟೆ ಬಿಚ್ಚಿ, ನಿನ್ನೆಯ ತಣ್ಣನೆ ಒದ್ದೆ ಪ್ಯಾಂಟು ಮತ್ತೆ ಹಾಕಿಕೊಳ್ಳಬೇಕು. ಇಡೀ ನಡಿಗೆಯಲ್ಲಿ ಅದಕ್ಕಿಂತ ಕಷ್ಟದ್ದು ಯಾವುದೂ ಇಲ್ಲ, ಐರನ್‌ಬೌಂಡ್ ಬೆಟ್ಟವೂ ಅಲ್ಲ.

ಆ ಬೆಟ್ಟವೂ ಸಣ್ಣದಲ್ಲ ಬಿಡಿ. ಸುಮಾರು 900 ಮೀಟರ್ ಹತ್ತಿ, ಆಚೆ ಬದಿ ಬೇರು, ಕೆಸರು, ದಟ್ಟ ಕಾಡಿನಲ್ಲಿ ಸಮುದ್ರದವರೆಗೆ ಇಳಿಯಬೇಕು. ಹತ್ತುವ ಮೊದಲು ಲೂಯಿಸಾ ಹೊಳೆ ಸಿಗುತ್ತದೆ. ತುಂಬಿದ್ದರೆ ದಾಟಬೇಡಿ, ನೀರು ಇಳಿಯುವವರೆಗೆ ಕಾಯಿರಿ. ಅದಕ್ಕೇ ಎರಡು ದಿನದ ಅವಲಕ್ಕಿ, ಬೇಳೆ ಜಾಸ್ತಿ ಹೊತ್ತಿದ್ದೆವು.

ನನಗೆ ತುಂಬಾ ಇಷ್ಟವಾಗಿದ್ದು ನ್ಯೂ ರಿವರ್ ಲಗೂನ್ ಎಂಬ ಕಡಲಂಚಿನ ಹಿನ್ನೀರಿನ ದೋಣಿಗಳು. ಕಾಯುವವರು ಯಾರೂ ಇಲ್ಲ, ನಾವೇ ಹುಟ್ಟು ಹಾಕಬೇಕು. ಎರಡೂ ದಡದಲ್ಲಿ ಒಂದೊಂದು ದೋಣಿ ಇರಲೇಬೇಕು, ಹಾಗಾಗಿ ದಾಟಿ, ಆಚೆಯದನ್ನು ಕಟ್ಟಿ ಈಚೆಗೆ ಎಳೆದು ತಂದು, ಒಂದನ್ನು ಇಲ್ಲಿ ಬಿಟ್ಟು, ಮತ್ತೆ ದಾಟಬೇಕು. ಮೂರು ಸಲ. ತೋಳು ಸೋತಿತ್ತು, ಮಳೆ ಬೀಳುತ್ತಲೇ ಇತ್ತು. ಆದರೂ ಹಿಂದೆ ಬಿಟ್ಟ ದೋಣಿಯನ್ನು ಎರಡು ಸಲ ಬಿಗಿದು ಕಟ್ಟಿ ಬಂದೆವು.