ತಳ್ಳಿದರೆ ಮಾತ್ರ ತಿರುಗುತ್ತಿದ್ದ ಫ್ಯಾನು

12 ವರ್ಷ ದುಡಿದ ನಮ್ಮ ಸೀಲಿಂಗ್ ಫ್ಯಾನು ಕಳೆದ ತಿಂಗಳು ಸ್ವಿಚ್ ಹಾಕಿದರೂ ತಿರುಗದೆ ಬರೀ ಗುಂಯ್‌ಗುಡುತ್ತಿತ್ತು. ಕೋಲಿನಿಂದ ರೆಕ್ಕೆಯನ್ನು ಮೆಲ್ಲನೆ ತಳ್ಳಿದರೆ ಮಾತ್ರ ನಿಧಾನವಾಗಿ ಸುತ್ತುತ್ತಿತ್ತು. ಹೊಸದನ್ನೇ ಕೊಳ್ಳೋಣವೆಂದು ಮನೆಯವರು ಹೇಳಿದರೂ, ತಳ್ಳಿದಾಗ ತಿರುಗುವ ಮೋಟರಿನ ಸುರುಳಿ ಸುಟ್ಟಿರಲಾರದು, ದೋಷವಿರುವುದು ಬಹುಶಃ ಮೋಟರು ತಿರುಗಲು ಮೊದಲ ನೂಕು ಕೊಡುವ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಯಲ್ಲಿ ಎಂದು ನನಗನ್ನಿಸಿತು. ಮೇನ್ ಸ್ವಿಚ್ ಆರಿಸಿ, ಟೆಸ್ಟರಿನಿಂದ ವಿದ್ಯುತ್ ಇಲ್ಲವೆಂದು ಖಚಿತಪಡಿಸಿಕೊಂಡು, ಮೇಲಿನ ಬಟ್ಟಲನ್ನು ಸಡಿಲಿಸಿ ನೋಡಿದಾಗ, 2.5 ಮೈಕ್ರೋಫ್ಯಾರಡ್‌ನ ಆ ಪುಟ್ಟ ಡಬ್ಬಿ ಒಂದು ಬದಿಯಲ್ಲಿ ಉಬ್ಬಿಕೊಂಡಿತ್ತು. ಅದರಲ್ಲಿ ಚಾರ್ಜ್ ಉಳಿದಿರಬಹುದಾದ್ದರಿಂದ ತಂತಿಯ ತುದಿಗಳನ್ನು ಬರಿಗೈಯಲ್ಲಿ ಮುಟ್ಟಲೇಬಾರದು. ಇದನ್ನು ಒತ್ತಿ ಹೇಳುತ್ತೇನೆ. ಅದೇ ಮೌಲ್ಯದ, ಅದೇ ವೋಲ್ಟೇಜಿನ ಹೊಸ ಕೆಪಾಸಿಟರನ್ನು ಜೋಡಿಸಿದ ಮೇಲೆ ಫ್ಯಾನು ಮೊದಲಿನ ವೇಗದಲ್ಲೇ ತಿರುಗುತ್ತಿದೆ. ಹಳೆಯದನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟೆ.