ಬೆಟ್ಟದ ರಸ್ತೆಗೆ ಕಾರ್ ಸೀಟ್, ಕಾಫಿ ಕಣಕ್ಕೆ ಸ್ಟ್ರಾಲರ್: ನಮ್ಮ ಅನುಭವ

ಮಗುವಿನ ಕಾರ್ ಸೀಟ್, ಸ್ಟ್ರಾಲರ್ (ಮಗುವನ್ನು ಕೂರಿಸಿ ತಳ್ಳುವ ಗಾಡಿ) ಎರಡಕ್ಕೂ ಸೇರಿ ನಾವು ಎತ್ತಿಟ್ಟಿದ್ದು ಹದಿನೈದು ಸಾವಿರ ರೂಪಾಯಿ. ಸೀಟಿಗೆ ಹತ್ತೂವರೆ, ಸ್ಟ್ರಾಲರ್‌ಗೆ ನಾಲ್ಕೂವರೆ ಹೋಯಿತು. ಎರಡನ್ನೂ ಒಂದೇ ದಿನ ಕೊಳ್ಳಲಿಲ್ಲ. ಸೀಟು ಹೆರಿಗೆಗೆ ತಿಂಗಳ ಮುಂಚೆಯೇ ಕಾರಿನಲ್ಲಿ ಕೂತಿತ್ತು, ಸ್ಟ್ರಾಲರ್ ಮಗುವಿಗೆ ಆರು ತಿಂಗಳಾದ ಮೇಲೆ ಬಂತು. ಕೊಡಗಿನಲ್ಲಿ ಯಾರು ಕೇಳಿದರೂ ಇದೇ ಕ್ರಮ ಹೇಳುತ್ತೇವೆ. ಇಲ್ಲಿ ಮನೆಗೆ ಹತ್ತಲು ಮೆಟ್ಟಿಲು, ಗೇಟಿನವರೆಗೆ ಇಳಿಜಾರು, ಅದರಾಚೆ ಜಲ್ಲಿ ಕಿತ್ತ ತೋಟದ ರಸ್ತೆ. ಮೊದಲ ಆರು ತಿಂಗಳು ಸ್ಟ್ರಾಲರ್ ಓಡಿಸಲು ಜಾಗವೇ ಇರುವುದಿಲ್ಲ. ಕಾರು ಮಾತ್ರ ಮೊದಲ ವಾರದಿಂದಲೇ ಬೇಕು, ಚುಚ್ಚುಮದ್ದಿಗೆ ಹೋಗುವುದಕ್ಕಾದರೂ.

ಅಜ್ಜಿಯ ಮಡಿಲಿಗಿಂತ ಭದ್ರವಾದ ಜಾಗ ಉಂಟೇ ಎಂದು ಎಲ್ಲ ಮನೆಯಲ್ಲೂ ಕೇಳುತ್ತಾರೆ. ಉತ್ತರಕ್ಕೆ ಒಂದು ಲೆಕ್ಕ ಸಾಕು. ಸಂಪಾಜೆ ಘಾಟಿಯಲ್ಲಿ ಗಂಟೆಗೆ 40 ಕಿ.ಮೀ. ವೇಗವನ್ನು ಯಾರೂ ಜೋರು ಎನ್ನುವುದಿಲ್ಲ. ಆ ವೇಗದ ಕಾರು ಮರಕ್ಕೆ ಬಡಿದು, ಮೂತಿ ಅರ್ಧ ಮೀಟರ್ ನುಗ್ಗಿ ನಿಂತಿತು ಎಂದುಕೊಳ್ಳಿ. 5 ಕೆ.ಜಿ. ಮಗುವನ್ನು ಹಿಡಿದುಕೊಳ್ಳಲು ಆ ಕ್ಷಣದಲ್ಲಿ ಸುಮಾರು 60 ಕೆ.ಜಿ. ಮೂಟೆ ಹಿಡಿಯುವಷ್ಟು ಬಲ ಬೇಕು. 8 ಕೆ.ಜಿ. ಮಗುವಾದರೆ ನೂರು ಕೆ.ಜಿ. ಪ್ರೀತಿಯಿಂದ ಹಿಡಿದ ಕೈಗೂ ಅಷ್ಟು ಬಲ ಬರುವುದಿಲ್ಲ. ಕಾನೂನೂ ಇದೆ: 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಿಂದ ಬಿಗಿಯದೆ ಕಾರು ಓಡಿಸಿದರೆ ಸಾವಿರ ರೂಪಾಯಿ ದಂಡ.

ಅಂಗಡಿಯಲ್ಲಿ ಎರಡು ಬಗೆ ತೋರಿಸುತ್ತಾರೆ. ಒಂದು ಹಿಡಿಕೆ ಇರುವ ಬುಟ್ಟಿಯಂಥದ್ದು, 13 ಕೆ.ಜಿ.ವರೆಗೆ. ಇನ್ನೊಂದು ಹುಟ್ಟಿದಾಗಿನಿಂದ 18 ಕೆ.ಜಿ.ವರೆಗೆ ನಡೆಯುವ ಕನ್ವರ್ಟಿಬಲ್ ಸೀಟು. ಮೊದಲು ಮಗು ಹಿಂದಕ್ಕೆ ಮುಖ ಮಾಡಿ ಕೂರುತ್ತದೆ, ದೊಡ್ಡದಾದ ಮೇಲೆ ಮುಂದಕ್ಕೆ. ಬುಟ್ಟಿ ಅಗ್ಗ, ಆದರೆ ಒಂದೂವರೆ ವರ್ಷದೊಳಗೆ ಬಹುತೇಕ ಮಕ್ಕಳ ತಲೆ ಅದರ ಅಂಚು ಮುಟ್ಟುತ್ತದೆ, ಆಮೇಲೆ ಇನ್ನೊಂದು ಸೀಟಿಗೆ ಹಣ ಹಾಕಬೇಕು. ಇನ್ನೊಂದು ಭಯವೂ ಇದೆ. ನಿದ್ದೆ ಹೋದ ಮಗುವನ್ನು ಬುಟ್ಟಿಯ ಸಮೇತ ಒಳಗೆ ತಂದು ಹಾಗೇ ಮಲಗಿಸಿಬಿಡುತ್ತಾರೆ. ಎಳೆಗೂಸಿನ ಗದ್ದ ಎದೆಗೆ ಒತ್ತಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಕಾರಿನಿಂದ ಇಳಿದ ಮೇಲೆ ಮಗುವಿಗೆ ಚಪ್ಪಟೆ ಹಾಸಿಗೆಯೇ ಆಗಬೇಕು. ಹೀಗಾಗಿ ನಾವು ಕನ್ವರ್ಟಿಬಲ್ ತೆಗೆದುಕೊಂಡೆವು.

ಬ್ರ್ಯಾಂಡ್ ನೋಡುವ ಮುಂಚೆ ಸೀಟನ್ನು ಮಗುಚಿ ಚೀಟಿ ನೋಡಿ. ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ, ಕೆಳಗೆ ಅನುಮೋದನೆ ಸಂಖ್ಯೆ ಇರುವ ಕಿತ್ತಳೆ ಬಣ್ಣದ ಚೀಟಿ ಯುರೋಪಿನ ಮಾನದಂಡದ್ದು. ಅದರ ಹಳೆಯ ನಿಯಮ ಇಸಿಇ ಆರ್44ರ ಸೀಟಾದರೆ ತೂಕದ ಗುಂಪು ಬರೆದಿರುತ್ತದೆ, ಸಂಖ್ಯೆ 04ರಿಂದ ಶುರುವಾಗುತ್ತದೆ. ಹೊಸ ನಿಯಮ ಆರ್129ರ (ಐ-ಸೈಜ್ ಇದರಡಿಯದೇ) ಸೀಟಾದರೆ ಮಗುವಿನ ಎತ್ತರ ಸೆಂಟಿಮೀಟರಿನಲ್ಲಿ ಇರುತ್ತದೆ. ನಮ್ಮ ದೇಶದ ಮಾನದಂಡ ಎಐಎಸ್-072. ಡಬ್ಬದ ಮೇಲೆ ಬರೀ ‘ಸುರಕ್ಷತೆ ಪರೀಕ್ಷಿತ’ ಎಂದು ಅಚ್ಚಾಗಿದ್ದರೆ ಅದಕ್ಕೆ ಅರ್ಥವಿಲ್ಲ. ದಿಂಬಿಗೆ ನಾಲ್ಕು ಪಟ್ಟಿ ಹೊಲಿದು ‘ಕಾರ್ ಸೀಟ್’ ಎಂದು ಮಾರುವ ಸಾವಿರ ರೂಪಾಯಿಯ ಮಾಲನ್ನು ಮುಟ್ಟಲೇಬೇಡಿ.

ಸೀಟು ಒಳ್ಳೆಯದಾಗಿದ್ದರಷ್ಟೇ ಸಾಲದು, ನಿಮ್ಮ ಕಾರಿಗೆ ಕೂರಬೇಕು. ಹಣ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಕೊಳ್ಳುವ ಮುಂಚೆ ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗದ ಸಂದಿಗೆ ಕೈ ಹಾಕಿ ನೋಡಿ. ಬೆರಳಿಗೆ ಎರಡು ಕಬ್ಬಿಣದ ಸರಳು ಸಿಕ್ಕಿದರೆ ಅದು ಐಸೋಫಿಕ್ಸ್, ಅಂದರೆ ಮಗುವಿನ ಸೀಟನ್ನು ಬೆಲ್ಟ್ ಇಲ್ಲದೆ ನೇರ ಕಾರಿಗೇ ಸಿಕ್ಕಿಸುವ ವ್ಯವಸ್ಥೆ; ಸರಳು 6 ಮಿ.ಮೀ. ದಪ್ಪ, ಎರಡರ ನಡುವೆ 28 ಸೆಂ.ಮೀ. ಮೇಲೆ ಹೊಲಿಸಿದ ರೆಕ್ಸಿನ್ ಕವರ್ ಎಷ್ಟೋ ಕಾರುಗಳಲ್ಲಿ ಈ ಸರಳುಗಳನ್ನು ಮುಚ್ಚಿಬಿಟ್ಟಿರುತ್ತದೆ. ಕವರ್ ಬಿಚ್ಚಿಸಿ ಅಥವಾ ಅಲ್ಲಿ ಸೀಳು ಮಾಡಿಸಿ. ಒಳಗೆ ದಪ್ಪ ಫೋಮ್ ಹಾಕಿದ ಕವರ್ ಇದ್ದರೆ ಸೀಟನ್ನು ಎಷ್ಟೇ ಬಿಗಿದರೂ ನಾಲ್ಕು ದಿನಕ್ಕೆ ಸಡಿಲಾಗುತ್ತದೆ, ಫೋಮ್ ಕುಗ್ಗುವುದೇ ಕಾರಣ. ಮಗು ಕೂರುವ ಬದಿಗಾದರೂ ನಾವು ಕವರ್ ತೆಗೆಸಿದ್ದೇವೆ.

ಐಸೋಫಿಕ್ಸ್ ಸೀಟಿಗೆ ಮೂರನೆಯ ಆಧಾರವೂ ಬೇಕು: ಸೀಟಿನ ತಲೆಭಾಗವನ್ನು ಹಿಂದಿನಿಂದ ಕಾರಿಗೆ ಎಳೆದು ಕಟ್ಟುವ ಟೆದರ್ ಪಟ್ಟಿ ಅಥವಾ ಕಾರಿನ ನೆಲಕ್ಕೆ ಊರುವ ಊರುಗೋಲು. ಡಿಕ್ಕಿಯಲ್ಲಿ ಸಾಮಾನು ಕಟ್ಟುವ ಕೊಕ್ಕೆಗೆ ಟೆದರ್ ಸಿಕ್ಕಿಸಬಾರದು, ಅದು ಆ ಎಳೆತ ತಡೆಯುವುದಿಲ್ಲ. ಟೆದರ್ ಕೊಂಡಿ ಎಲ್ಲಿದೆ ಎಂದು ಕಾರಿನ ಪುಸ್ತಕದಲ್ಲಿ ಗುರುತು ಇರುತ್ತದೆ.

ಐಸೋಫಿಕ್ಸ್ ಇಲ್ಲದ ಹಳೆಯ ಕಾರಾದರೆ ಬೇಸರ ಬೇಡ. ಮೂರು ಬಿಂದುವಿನ ಬೆಲ್ಟ್ ಸರಿಯಾಗಿ ಬಿಗಿದರೆ ಸೀಟು ಅಷ್ಟೇ ಭದ್ರ. ಮೂರು ವಿಷಯ ಮಾತ್ರ ಕಾರಿನಲ್ಲೇ ಇಟ್ಟು ನೋಡಬೇಕು. ಮೊದಲನೆಯದು ಬೆಲ್ಟಿನ ಉದ್ದ. ಹಿಂದಕ್ಕೆ ಮುಖ ಮಾಡಿದ ಸೀಟನ್ನು ಸುತ್ತಿ ಬರಲು ತುಂಬ ಉದ್ದ ಬೇಕು. ಸಣ್ಣ ಕಾರುಗಳಲ್ಲಿ ನಾಲ್ಕು ಬೆರಳು ಸಾಲದೆ ಹೋಗುವುದುಂಟು. ಎರಡನೆಯದು ಬಕಲ್ ನಿಲ್ಲುವ ಜಾಗ. ಬಿಗಿದಾಗ ಬಕಲ್ ಸೀಟಿನ ಚೌಕಟ್ಟಿನ ಅಂಚಿಗೆ ತಾಗಿ ಬಾಗಿದರೆ ಅಪಘಾತದ ಹೊಡೆತಕ್ಕೆ ಬಿಚ್ಚಿಕೊಳ್ಳಬಹುದು, ಆ ಜೋಡಿ ಆಗಿಬರುವುದಿಲ್ಲ. ಮೂರನೆಯದು ಮುಂದಿನ ಸೀಟು ಎಷ್ಟು ಮುಂದೆ ಸರಿಯಬೇಕು ಎಂಬುದು. ಎತ್ತರದವರು ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿಸಿ ಮೈಸೂರಿನವರೆಗೆ ಕೂರುವುದಾಗದು. ಆನ್‌ಲೈನಿನಲ್ಲಿ ತರಿಸುವುದಾದರೆ ವಾಪಸು ಮಾಡುವ ಅವಧಿಯೊಳಗೇ ಇದನ್ನೆಲ್ಲ ನೋಡಿಬಿಡಿ, ಚೀಟಿ ಕೀಳಬೇಡಿ. ತೋಟದ ಜೀಪಿನಲ್ಲಿ ಅಡ್ಡಕ್ಕೆ ಹಾಕಿದ ಹಿಂಬದಿ ಬೆಂಚಿನ ಮೇಲೆ ಯಾವ ಮಕ್ಕಳ ಸೀಟನ್ನೂ ಕೂರಿಸುವ ಹಾಗಿಲ್ಲ.

ಕೂರಿಸುವಾಗ ಕಾರು ಸಮತಟ್ಟು ನೆಲದ ಮೇಲಿರಲಿ. ಇದು ಕೊಡಗಿನವರಿಗೆ ಎದ್ದು ಹೇಳಬೇಕಾದ ಮಾತು. ಎಳೆಗೂಸಿಗೆ ಸೀಟಿನ ಬೆನ್ನು ಸುಮಾರು 45 ಡಿಗ್ರಿ ಒರಗಿರಬೇಕು. ಸೀಟಿನ ಪಕ್ಕದಲ್ಲಿ ಅದಕ್ಕೆಂದೇ ಒಂದು ಗೆರೆ ಅಥವಾ ಗುಂಡು ಓಡುವ ಮಟ್ಟಗೋಲು ಇರುತ್ತದೆ. ಮನೆ ಮುಂದಿನ ಇಳಿಜಾರಿನಲ್ಲಿ ಕಾರಿನ ಮೂತಿ ಕೆಳಗಾಗಿ ನಿಲ್ಲಿಸಿ ಗೆರೆ ಸರಿಮಾಡಿದರೆ, ರಸ್ತೆಗೆ ಬಂದಾಗ ಸೀಟು ನೆಟ್ಟಗಾಗಿ ಮಗುವಿನ ತಲೆ ಮುಂದಕ್ಕೆ ಬೀಳುತ್ತದೆ. ಕಡಿದಾದ ಇಳಿಜಾರಿನಲ್ಲಿ ಕಾರಿನ ಬೆಲ್ಟ್ ಕೂಡ ತಾನಾಗಿ ಲಾಕ್ ಆಗಿ ಹೊರಗೆ ಬರುವುದಿಲ್ಲ, ಅದರೊಳಗಿನ ಯಂತ್ರ ವಾಲಿದ್ದನ್ನು ಅಪಘಾತ ಎಂದುಕೊಳ್ಳುತ್ತದೆ. ನಾವು ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕೆ ಕಾರು ತಂದು ಕೂರಿಸಿದೆವು.

ಚಾಲಕನ ಹಿಂದೆ ಬೇಡ, ಎಡಬದಿ ಸರಿ. ಮಗುವನ್ನು ರಸ್ತೆ ಅಂಚಿನ ಕಡೆಯಿಂದ ಇಳಿಸಬಹುದು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿದ ಸೀಟನ್ನು ಎಂದಿಗೂ ಇಡಬೇಡಿ, ಬ್ಯಾಗ್ ಉಬ್ಬಿ ಸೀಟಿನ ಬೆನ್ನಿಗೆ, ಅಂದರೆ ಮಗುವಿನ ತಲೆಯ ಹಿಂದೆಯೇ ಹೊಡೆಯುತ್ತದೆ. ಹಿಂದಕ್ಕೆ ಮುಖ ಮಾಡಿ ಕೂರಿಸುವಾಗ ಕಾರಿನ ಬೆಲ್ಟ್ ನೀಲಿ ಗುರುತಿನ ದಾರಿಯಲ್ಲಿ, ಮುಂದಕ್ಕೆ ಮುಖವಾದರೆ ಕೆಂಪು ಗುರುತಿನ ದಾರಿಯಲ್ಲಿ ಹೋಗಬೇಕು. ಬಕಲ್ ಹಾಕಿ, ಒಂದು ಕೈಯಲ್ಲಿ ಸೀಟನ್ನು ಬಲವಾಗಿ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಭುಜದ ಬೆಲ್ಟ್ ಎಳೆದು ಸಡಿಲವನ್ನೆಲ್ಲ ತೆಗೆಯಿರಿ, ಆಮೇಲೆ ಸೀಟಿನ ಕ್ಲಿಪ್ಪಿನಲ್ಲಿ ಬಿಗಿಯಿರಿ. ಬೆಲ್ಟ್ ಹಾದುಹೋಗುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿ, 2.5 ಸೆಂ.ಮೀ.ಗಿಂತ ಹೆಚ್ಚು ಸರಿದರೆ ಮತ್ತೆ ಮೊದಲಿಂದ. ತಿರುವು ಹೆಚ್ಚಿರುವ ರಸ್ತೆಯಲ್ಲಿ ನಿತ್ಯ ಓಡುವ ಕಾರಾದರೆ ವಾರಕ್ಕೊಮ್ಮೆ ಕೈಯಾಡಿಸಿ.

ಮಗುವನ್ನು ಕಟ್ಟುವಲ್ಲಿ ನಮ್ಮ ಚಳಿಯೇ ಶತ್ರು. ಡಿಸೆಂಬರಿನ ಬೆಳಗ್ಗೆ ಉಣ್ಣೆ ಸ್ವೆಟರ್, ಅದರ ಮೇಲೆ ಜಾಕೆಟ್ ತೊಡಿಸಿ ಸೀಟಿನ ಐದು ಪಟ್ಟಿ (ಎರಡು ಹೆಗಲಿಗೆ, ಎರಡು ಸೊಂಟಕ್ಕೆ, ಒಂದು ಕಾಲ ನಡುವೆ) ಬಿಗಿದರೆ ಕಣ್ಣಿಗೆ ಬಿಗಿಯಾಗಿ ಕಾಣುತ್ತದೆ, ಅಷ್ಟೆ. ಒಮ್ಮೆ ಹಾಗೇ ಬಿಗಿದು, ಪಟ್ಟಿ ಸರಿಸದೆ ಮಗುವನ್ನು ಎತ್ತಿ, ಜಾಕೆಟ್ ತೆಗೆದು ಮತ್ತೆ ಕೂರಿಸಿ ನೋಡಿ. ಪಟ್ಟಿಯ ಕೆಳಗೆ ನಿಮ್ಮ ಇಡೀ ಅಂಗೈ ಹೋಗುತ್ತದೆ. ಅಪಘಾತದಲ್ಲಿ ಆ ಅಂಗೈಯಷ್ಟು ಸಂದಿಯಿಂದ ಮಗು ಹೊರಗೆ ಜಾರುತ್ತದೆ. ತೆಳು ಬಟ್ಟೆಯಲ್ಲೇ ಕೂರಿಸಿ, ಪಟ್ಟಿ ಬಿಗಿದು, ಕಂಬಳಿಯನ್ನು ಮೇಲಿನಿಂದ ಹೊದಿಸಿ. ಹೆಗಲೆಲುಬಿನ ಮೇಲೆ ಪಟ್ಟಿಯನ್ನು ಎರಡು ಬೆರಳಿನಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು, ಬೆರಳು ಜಾರಬೇಕು. ಮಗು ಹಿಂದಕ್ಕೆ ಮುಖ ಮಾಡಿ ಕೂತಾಗ ಪಟ್ಟಿ ಹೆಗಲಿನ ಮಟ್ಟಕ್ಕೆ ಅಥವಾ ತುಸು ಕೆಳಗಿನ ಸೀಳಿನಿಂದ ಬರಬೇಕು, ಮುಂದಕ್ಕೆ ಕೂತಾಗ ಮಟ್ಟಕ್ಕೆ ಅಥವಾ ತುಸು ಮೇಲಿನಿಂದ.

ಒಂಬತ್ತು ಕೆ.ಜಿ. ಆದ ಕೂಡಲೇ ಮುಂದಕ್ಕೆ ತಿರುಗಿಸುವ ಆತುರ ಬೇಡ. ಎಳೆಯ ಮಗುವಿನ ತಲೆ ಭಾರ, ಕತ್ತು ಎಳಸು. ಹಿಂದಕ್ಕೆ ಮುಖ ಮಾಡಿದ್ದರೆ ಹೊಡೆತ ಇಡೀ ಬೆನ್ನಿಗೆ ಹರಡುತ್ತದೆ, ಮುಂದಕ್ಕೆ ಮುಖ ಮಾಡಿದ್ದರೆ ಕತ್ತು ಒಂದೇ ಅದನ್ನು ಹೊರಬೇಕು. ಆರ್129 ನಿಯಮವೇ ಕನಿಷ್ಠ 15 ತಿಂಗಳು ಎನ್ನುತ್ತದೆ. ಹಿಂದಕ್ಕೆ ಮುಖ ಮಾಡಿ ಕೂರಿಸಲು ಸೀಟು ಹೇಳುವ ತೂಕ, ಎತ್ತರದ ಮಿತಿ ಮುಗಿಯುವವರೆಗೆ ನಾವು ತಿರುಗಿಸಲಿಲ್ಲ. ಕಾಲು ಮಡಚಿಕೊಂಡು ಕೂರುವುದು ಮಗುವಿಗೆ ತೊಂದರೆಯಲ್ಲ, ನೋಡುವವರಿಗಷ್ಟೇ ಕಷ್ಟ.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಎಳೆಗೂಸನ್ನು ಒಂದೇ ಉಸಿರಿಗೆ ಅಷ್ಟು ದೂರ ಸೀಟಿನಲ್ಲಿ ಕೂರಿಸಬಾರದು. ಕುಶಾಲನಗರದಲ್ಲೊಮ್ಮೆ, ಹುಣಸೂರಿನಲ್ಲೊಮ್ಮೆ ನಿಲ್ಲಿಸಿ, ಹೊರಗೆತ್ತಿ ಬೆನ್ನು ನೆಟ್ಟಗಾಗಲು ಬಿಡಿ. ದೊಡ್ಡ ಮಗುವಿಗೂ ಎರಡು ಗಂಟೆಯೇ ಮಿತಿ. ಹೊಟ್ಟೆ ತುಂಬಿಸಿ ತಿರುವಿನ ರಸ್ತೆಗೆ ಇಳಿದರೆ ವಾಂತಿ ಖಂಡಿತ, ಆ ವಾಂತಿ ಇಳಿಯುವುದು ಬಕಲ್ಲಿನೊಳಕ್ಕೆ.

ಸ್ಟ್ರಾಲರ್‌ನಲ್ಲಿ ನೋಡಬೇಕಾದದ್ದು ಚಕ್ರ, ಬ್ರೇಕ್, ತೂಕ. ಬೆರಳಗಲದ ಪ್ಲಾಸ್ಟಿಕ್ ಚಕ್ರ ಬೆಂಗಳೂರಿನ ಮಾಲ್‌ಗೆ ಸರಿ. ಜಲ್ಲಿಯ ಮೇಲೆ ಮುಂದಿನ ಚಕ್ರ ಅಡ್ಡಕ್ಕೆ ತಿರುಗಿ ಸಿಕ್ಕಿಬಿದ್ದು ಗಾಡಿ ಮೂತಿ ಕುಕ್ಕುತ್ತದೆ. ಗಾಳಿ ತುಂಬುವ ದೊಡ್ಡ ಚಕ್ರದ್ದು ತೋಟದ ರಸ್ತೆಯಲ್ಲೂ ಓಡುತ್ತದೆ, ಆದರೆ ದುಬಾರಿ, ಭಾರ, ಮಡಚಿದರೂ ಸಣ್ಣ ಕಾರಿನ ಡಿಕ್ಕಿಗೆ ಹಿಡಿಸದು. ನಾವು ಆರಿಸಿದ್ದು ನಡುವಿನದನ್ನು: ಫೋಮ್ ರಬ್ಬರಿನ ಅಗಲ ಚಕ್ರ, ಮುಂದಿನ ಚಕ್ರ ನೇರಕ್ಕೆ ಲಾಕ್ ಆಗಬೇಕು, 7 ಕೆ.ಜಿ. ಒಳಗಿನ ತೂಕ, ಐದು ಪಟ್ಟಿ. ಕಣ, ಅಂಗಳ, ಗೋಣಿಕೊಪ್ಪದ ಸಂತೆ, ಮದುವೆ ಮಂಟಪಕ್ಕೆ ಇದು ಸಾಕು. ತೋಟದೊಳಗೆ ಹೋಗುವಾಗ ಮಗು ಬೆನ್ನು ಅಥವಾ ಎದೆಯ ಮೇಲಿರುವುದೇ ಹಿತ. ಆರು ತಿಂಗಳಿಗಿಂತ ಮುಂಚೆ ಸ್ಟ್ರಾಲರ್ ಬೇಕೆಂದರೆ ಪೂರ್ತಿ ಚಪ್ಪಟೆ ಮಲಗುವಂಥದ್ದನ್ನೇ ಕೊಳ್ಳಿ.

ಮಡಿಕೇರಿಯ ಏರಿನಲ್ಲಿ ಹಿಡಿಕೆಗೆ ಒಂದು ಪಟ್ಟಿ ಕಟ್ಟಿ ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳಿ. ನಿಲ್ಲಿಸುವಾಗ ಇಳಿಜಾರಿಗೆ ಅಡ್ಡಲಾಗಿ ನಿಲ್ಲಿಸಿ ಬ್ರೇಕ್ ಒತ್ತಿ. ಹಿಡಿಕೆಗೆ ತರಕಾರಿ ಚೀಲ ನೇತುಹಾಕಿದರೆ ಮಗುವನ್ನು ಎತ್ತಿದ ಕ್ಷಣ, ಕೂತಿರುವಾಗಲೂ ಏರಿನಲ್ಲಿ, ಗಾಡಿ ಹಿಂದಕ್ಕೆ ಮಗುಚುತ್ತದೆ. ಬ್ರೇಕಿನ ಮೊಳೆ ಹಿಂದಿನ ಚಕ್ರದ ಹಲ್ಲಿನ ನಡುವೆ ಕೂರುವ ಬಗೆಯದಾದರೆ ಅಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಬ್ರೇಕ್ ಅರ್ಧಕ್ಕೆ ನಿಲ್ಲುತ್ತದೆ; ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಅಚ್ಚಿಗೆ ಅಡುಗೆ ಎಣ್ಣೆ ಬೇಡ, ಮಣ್ಣು ಹಿಡಿಯುತ್ತದೆ. ಸಿಲಿಕೋನ್ ಸ್ಪ್ರೇ ಸಾಕು. ಮಳೆಗಾಲದಲ್ಲಿ ಹೊರಗೆ ಹೋಗಿ ಬಂದರೆ ಕೆಳಗಿನ ಬುಟ್ಟಿ, ಕಾಲಿಡುವ ಪಟ್ಟಿಯ ಅಡಿ, ಚಕ್ರದ ಕಡ್ಡಿಗಳ ಸಂದು ನೋಡಿಯೇ ಒಳಗೆ ತನ್ನಿ. ಜಿಗಣೆ ಅಲ್ಲೇ ಅಂಟಿಕೊಂಡಿರುತ್ತದೆ.

ಬಾಳಿಕೆಯ ವಿಷಯಕ್ಕೆ ಬಂದರೆ, ಇಲ್ಲಿ ಸೀಟನ್ನು ಕೆಡಿಸುವುದು ಬಳಕೆಯಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ. ಬಟ್ಟೆಯ ಮೇಲೆ ಬೂಷ್ಟು ಬೂದಿ ಬಣ್ಣದ ಚುಕ್ಕಿಯಾಗಿ ಮೊದಲು ಕಾಣುವುದು ತೊಡೆಯ ಕೆಳಗಿನ ಮಡಿಕೆಯಲ್ಲಿ. ಕವರ್ ಬಿಚ್ಚುವ ಮುಂಚೆ ಪಟ್ಟಿ ಎಲ್ಲೆಲ್ಲಿ ಹಾದುಹೋಗಿದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಹಿಂದಿನಿಂದಲೂ. ತಿರುಚಿ ಹಾಕಿದ ಪಟ್ಟಿ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಕವರ್ ಒಗೆದು ಬಿಸಿಲಿಗೆ ಹಾಕಬಹುದು. ಪಟ್ಟಿಯನ್ನು ಸೋಪಿನಲ್ಲಿ ನೆನೆಸಬಾರದು, ಬ್ಲೀಚ್ ಮುಟ್ಟಿಸಬಾರದು, ನೂಲು ಸತ್ತ್ವ ಕಳೆದುಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಿನ ಗಾಳಿಗೆ ಬಿಡಿ. ಅಕ್ಕಿ ರೊಟ್ಟಿಯ ಚೂರು, ಬಿಸ್ಕತ್ತು ಪುಡಿ ಬಕಲ್ಲಿಗೆ ಇಳಿದು ‘ಕ್ಲಿಕ್’ ಸದ್ದು ಮಂದವಾದರೆ, ಬಕಲ್ಲನ್ನು ಉಗುರುಬೆಚ್ಚಗಿನ ನೀರಿನ ಲೋಟದಲ್ಲಿ ಅದ್ದಿ ಅಲ್ಲಾಡಿಸಿ, ಗುಂಡಿ ಹತ್ತಾರು ಸಲ ಒತ್ತಿ, ಒಣಗಿಸಿ. ಎಣ್ಣೆ ಬಿಡಬೇಡಿ.

ಮಳೆಗಾಲದಲ್ಲಿ ಬಟ್ಟೆಯನ್ನು ಒಲೆಯ ಮೇಲೆ ಒಣಗಿಸುವ ರೂಢಿ ನಮ್ಮದು. ಕವರ್‌ಗೆ ಅದು ಸರಿ, ಸೀಟಿನ ಚಿಪ್ಪಿಗೆ ಅಲ್ಲ. ಚಿಪ್ಪಿನೊಳಗೆ ಥರ್ಮಕೋಲಿನಂಥ ಬಿಳಿ ಫೋಮ್ ಇದೆ, ತಲೆಯ ಹೊಡೆತ ನುಂಗುವುದು ಅದೇ, ಬೆಂಕಿಯ ಝಳಕ್ಕೆ ಅದು ಕುಗ್ಗುತ್ತದೆ. ನುಸಿಗುಳಿಗೆಯೂ ಹತ್ತಿರ ಬರಬಾರದು. ನ್ಯಾಫ್ತಲೀನ್ ಆವಿ ಆ ಫೋಮನ್ನು ಮೆತ್ತಗೆ ಮಾಡುತ್ತದೆ. ಜಿ6ಪಿಡಿ (ಕೆಂಪು ರಕ್ತಕಣವನ್ನು ಕಾಯುವ ಒಂದು ಕಿಣ್ವ) ಕೊರತೆ ಹುಟ್ಟಿನಿಂದಲೇ ಇರುವ ಮಗುವಿಗಂತೂ ಅದೇ ಆವಿಯಿಂದ ರಕ್ತಕಣ ಒಡೆಯುವ ಅಪಾಯವಿದೆ.

ಸಂಬಂಧಿಕರ ಮನೆಯ ಹಳೆಯ ಸೀಟು ಸಿಗುವುದಾದರೆ ಮೂರು ಪ್ರಶ್ನೆ ಕೇಳಿ: ಅಪಘಾತ ಕಂಡಿದೆಯೇ, ತಯಾರಾದ ವರ್ಷ ಯಾವುದು, ಪುಸ್ತಕ ಇದೆಯೇ. ಚಿಪ್ಪಿನ ತಳದಲ್ಲಿ ತಯಾರಿಕೆಯ ದಿನ ಅಚ್ಚಾಗಿರುತ್ತದೆ. ಕಂಪನಿಗಳು ಹೇಳುವ ಆಯುಷ್ಯ ಸಾಮಾನ್ಯವಾಗಿ ಆರರಿಂದ ಹತ್ತು ವರ್ಷ. ಅಪಘಾತದ ವಿಷಯ ನಿಶ್ಚಯವಾಗಿ ಹೇಳಲಾಗದ ಸೀಟನ್ನು ಪುಕ್ಕಟೆ ಕೊಟ್ಟರೂ ಬೇಡ. ಅಮೆರಿಕದಿಂದ ತಂದದ್ದಾದರೆ ಇನ್ನೊಂದು ತೊಡಕು. ಅಲ್ಲಿಯ ಕಾರಿನ ಬೆಲ್ಟನ್ನು ಪೂರ್ತಿ ಹೊರಗೆಳೆದರೆ ತಾನೇ ಬಿಗಿಯಾಗಿ ನಿಲ್ಲುತ್ತದೆ, ಹಾಗಾಗಿ ಎಷ್ಟೋ ಸೀಟುಗಳಲ್ಲಿ ಬೆಲ್ಟ್ ಹಿಡಿಯುವ ಕ್ಲಿಪ್ ಇರುವುದಿಲ್ಲ. ನಮ್ಮ ಕಾರಿನ ಬೆಲ್ಟ್ ಹೆಚ್ಚಾಗಿ ಜರ್ಕ್ ಬಂದಾಗ ಮಾತ್ರ ಹಿಡಿಯುವಂಥದ್ದು, ಅದರಲ್ಲಿ ಆ ಸೀಟು ಪ್ರತಿ ತಿರುವಿಗೂ ಸಡಿಲಾಗುತ್ತದೆ. ಐಸೋಫಿಕ್ಸ್ ಸರಳು ಇರುವ ಕಾರಿನಲ್ಲಿ ಅದರ ಕೊಕ್ಕೆಗಳನ್ನು ಸಿಕ್ಕಿಸಬಹುದು, ಸೀಟಿನ ಪುಸ್ತಕ ಹೇಳುವ ತೂಕದವರೆಗೆ.

ಎರಡನೆಯ ಮಗುವಿಗೆಂದು ಎತ್ತಿಡುವಾಗ ಅಟ್ಟ ಬೇಡ, ಇಲಿ ಮೊದಲು ಕಡಿಯುವುದು ಪಟ್ಟಿಯನ್ನೇ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ, ಕೀಟನಾಶಕ, ಡೀಸೆಲ್ ಇಡುವ ಗೋದಾಮೂ ಬೇಡ. ನಾವು ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಕೋಣೆಯಲ್ಲಿ ಕಪಾಟಿನ ಮೇಲೆ ಇಟ್ಟಿದ್ದೇವೆ. ಸೀಟಿನ ಆಯುಷ್ಯ ಮುಗಿಯುವ ವರ್ಷವನ್ನು ಸುತ್ತಿದ ಬಟ್ಟೆಯ ಮೇಲೆಯೇ ಮಾರ್ಕರ್ ಪೆನ್ನಿನಲ್ಲಿ ಬರೆದಿದೆ.