ಹತ್ತೊಂಬತ್ತು ವರ್ಷ ಕಾದು ಮುಂಬೈಗೆ: ವಲಸೆ ವೀಸಾ ಸಂದರ್ಶನದ ನನ್ನ ಅನುಭವ

ಅಕ್ಕ ಅಮೆರಿಕದ ಪೌರತ್ವ ಪಡೆದ ಮರುವರ್ಷ, 2006ರ ಫೆಬ್ರವರಿಯಲ್ಲಿ, ನಮ್ಮ ಕುಟುಂಬವನ್ನು ಅಲ್ಲಿಗೆ ಕರೆಸಿಕೊಳ್ಳಲು ಐ-130 ಎಂಬ ಅರ್ಜಿ ಹಾಕಿದಳು. ಆಗ ನನ್ನ ಮಗ ಮೂರನೇ ತರಗತಿಯಲ್ಲಿದ್ದ, ಮಗಳು ಒಂದನೇ ತರಗತಿಯಲ್ಲಿದ್ದಳು. ಮುಂಬೈಯ ಅಮೆರಿಕನ್ ಕಾನ್ಸುಲೇಟಿನಲ್ಲಿ ನಮ್ಮ ಸಂದರ್ಶನ ನಡೆದದ್ದು 2025ರ ಫೆಬ್ರವರಿಯಲ್ಲಿ. ನಾಲ್ವರಿಗಾಗಿ ಶುರುವಾದ ಅರ್ಜಿಯಲ್ಲಿ ಕಿಟಕಿಯ ಮುಂದೆ ನಿಲ್ಲುವ ಹೊತ್ತಿಗೆ ಮೂವರು ಉಳಿದಿದ್ದೆವು. ಮಗ ಹೊರಗೆ ರಸ್ತೆಯಲ್ಲಿ ನಮ್ಮ ಮೊಬೈಲ್‌ಗಳನ್ನು ಹಿಡಿದುಕೊಂಡು ನಿಂತಿದ್ದ.

ಅಮೆರಿಕದ ಪೌರರ ಅಣ್ಣ, ತಮ್ಮ, ಅಕ್ಕ, ತಂಗಿಯರಿಗೆ ಸಿಗುವ ವಲಸೆ ವೀಸಾವನ್ನು ಎಫ್-4 ಎನ್ನುತ್ತಾರೆ. ಇಡೀ ಜಗತ್ತಿಗೆ ವರ್ಷಕ್ಕೆ ಸುಮಾರು 65,000 ವೀಸಾ ಮಾತ್ರ. ಅದರ ಮೇಲೆ ಯಾವ ದೇಶಕ್ಕೂ ಒಟ್ಟು ಶೇ. 7ಕ್ಕಿಂತ ಹೆಚ್ಚು ಸಿಗದಂತೆ ಮಿತಿ ಇದೆ. ಭಾರತದಿಂದ ಅರ್ಜಿ ಹಾಕಿದವರು ಬಹಳ ಜನ, ಹಾಗಾಗಿ ನಮ್ಮ ಸಾಲು ಇಷ್ಟು ಉದ್ದ. ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ವೀಸಾ ಬುಲೆಟಿನ್ ಹೊರಡಿಸುತ್ತದೆ. ಯಾವ ದಿನಾಂಕದವರೆಗೆ ಅರ್ಜಿ ಹಾಕಿದವರ ಸರದಿ ಬಂದಿದೆ ಎಂದು ಅದರಲ್ಲಿ ನೋಡಬಹುದು. ನನ್ನ ಗಂಡ ಬೀಜ, ಗೊಬ್ಬರದ ಅಂಗಡಿಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಆ ದಿನಾಂಕವನ್ನು ತಿಂಗಳು ತಿಂಗಳು ಬರೆದಿಡುತ್ತಿದ್ದರು. ಕೆಲವು ವರ್ಷ ಅದು ಒಂದು ವಾರವೂ ಮುಂದೆ ಸರಿಯಲಿಲ್ಲ.

ಈ ಕಾಯುವಿಕೆಯಲ್ಲಿ ಮಕ್ಕಳ ವಯಸ್ಸೇ ದೊಡ್ಡ ಆತಂಕ. 21 ತುಂಬಿದ ಮಗ ಅಥವಾ ಮಗಳು ತಂದೆ ತಾಯಿಯ ಅರ್ಜಿಯಿಂದ ಹೊರಗೆ ಬೀಳುತ್ತಾರೆ. ಇದಕ್ಕೆ ಸ್ವಲ್ಪ ಪರಿಹಾರವಾಗಿ 2002ರಲ್ಲಿ ಒಂದು ಕಾಯ್ದೆ ಬಂದಿದೆ. ಅದರ ಲೆಕ್ಕ ಹೀಗೆ: ನಮ್ಮ ಸರದಿ ಬಂದ ದಿನ ಮಗುವಿಗೆ ಎಷ್ಟು ವಯಸ್ಸೋ ಅದರಲ್ಲಿ, ಐ-130 ಅರ್ಜಿ ಮಂಜೂರಾಗದೆ ಕಚೇರಿಯಲ್ಲಿ ಎಷ್ಟು ದಿನ ಬಾಕಿ ಇತ್ತೋ ಅಷ್ಟನ್ನು ಕಳೆಯಬೇಕು. ಉಳಿದದ್ದು 21ಕ್ಕಿಂತ ಕಡಿಮೆಯಿದ್ದು, ಮಗುವಿಗೆ ಮದುವೆಯಾಗಿಲ್ಲದಿದ್ದರೆ ಹೆಸರು ಉಳಿಯುತ್ತದೆ. ಸರದಿ ಬಂದ ಒಂದು ವರ್ಷದೊಳಗೆ ವೀಸಾಕ್ಕಾಗಿ ಮುಂದಿನ ಹೆಜ್ಜೆ ಇಟ್ಟಿರಬೇಕೆಂಬ ಷರತ್ತೂ ಇದೆ. ನಾವು ಮೂವರ ವಲಸೆ ವೀಸಾ ಅರ್ಜಿಯನ್ನೂ (ಡಿಎಸ್-260) ತಡಮಾಡದೆ ಸಲ್ಲಿಸಿದೆವು.

ಅರ್ಜಿ ತಲುಪಿದ್ದಕ್ಕೂ ಮಂಜೂರಾದದ್ದಕ್ಕೂ ಬಂದ ಐ-797 ಪತ್ರಗಳೆರಡನ್ನೂ ಅಕ್ಕ ಜೋಪಾನವಾಗಿ ಇಟ್ಟಿದ್ದಳು. ಅರ್ಜಿ ತಲುಪಿದ್ದು 2006ರ ಫೆಬ್ರವರಿ 20, ಮಂಜೂರಾದದ್ದು 2010ರ ಜೂನ್ 8. ನಡುವೆ 1,569 ದಿನ. ಆಗ ಆ ತಡಕ್ಕೆ ನಾವು ಎಷ್ಟು ಬೇಸರಪಟ್ಟಿದ್ದೆವು! ಕೊನೆಗೆ ಮಗಳನ್ನು ಉಳಿಸಿದ್ದು ಅದೇ ತಡ. ಸರದಿ ಬಂದಾಗ ಅವಳಿಗೆ 25 ತುಂಬಿ ಹದಿನೇಳು ದಿನವಾಗಿತ್ತು. 1,569 ದಿನ ಕಳೆದರೆ 21 ತುಂಬಲು ಮೂರು ತಿಂಗಳ ಮೇಲೆ ಒಂದೆರಡು ದಿನ ಬಾಕಿ. ಅಷ್ಟೇ ಅಂತರ. ಮಗ ಅವಳಿಗಿಂತ ಎರಡು ವರ್ಷಕ್ಕೆ ದೊಡ್ಡವನು. ಅವನ ಲೆಕ್ಕ 23ಕ್ಕೆ ಬಂತು. ನಾನು ಸಮಾಜ ವಿಜ್ಞಾನದ ಶಿಕ್ಷಕಿ, ಕೂಡುವುದು ಕಳೆಯುವುದು ನನಗೇನೂ ಹೊಸದಲ್ಲ. ಆದರೂ ಆ ರಾತ್ರಿ ಅದೇ ಲೆಕ್ಕವನ್ನು ಎಷ್ಟು ಸಲ ಮಾಡಿದೆನೋ. ಹಳೆಯ ಅರ್ಜಿಯ ದಿನಾಂಕವನ್ನು ಇಂಥ ಮಕ್ಕಳಿಗೆ ಉಳಿಸಿಕೊಡಲು ಬರುತ್ತದೆಯೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿಗೇ ಹೋಗಿ, 2014ರಲ್ಲಿ ಇಲ್ಲ ಎಂದು ತೀರ್ಪಾಗಿದೆ. ನಾವು ಅಲ್ಲಿ ನೆಲೆಸಿದ ಮೇಲೆ ಅವನಿಗಾಗಿ ಹೊಸದಾಗಿ ಅರ್ಜಿ ಹಾಕಬೇಕು, ಮತ್ತೆ ವರ್ಷಗಟ್ಟಲೆ ಕಾಯಬೇಕು.

ಮಗಳಿಗೆ ಈ ಕಾಯುವಿಕೆಯ ನಡುವೆ ಬಂದ ಸಂಬಂಧಗಳು ಒಂದೆರಡಲ್ಲ. ಮದುವೆಯಾದರೆ ಅರ್ಜಿಯಿಂದ ಹೆಸರು ಹೋಗುತ್ತದೆ ಎಂಬುದನ್ನು ಅವಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿ, ತೀರ್ಮಾನ ಅವಳಿಗೇ ಬಿಟ್ಟೆವು. ಅವಳು ಕಾಯುತ್ತೇನೆ ಎಂದಳು. ಬೀಗರಾಗಬೇಕೆಂದಿದ್ದವರಿಗೆ ಕಾರಣ ತಿಳಿಸಿ ಹೇಳುವ ಕೆಲಸ ನನ್ನದಾಯಿತು. ಮಕ್ಕಳ ಪರವಾಗಿ ಈ ತೀರ್ಮಾನವನ್ನು ದೊಡ್ಡವರು ತೆಗೆದುಕೊಳ್ಳಬಾರದು ಎಂದು ಈಗಲೂ ಹೇಳುತ್ತೇನೆ.

ಇನ್ನು ದಾಖಲೆಗಳ ಮಾತು. ನಾನೂ ಅಕ್ಕನೂ ಒಂದೇ ತಂದೆ ತಾಯಿಯ ಮಕ್ಕಳು ಎಂದು ಕಾಗದದಲ್ಲಿ ತೋರಿಸುವುದೇ ಎಫ್-4ರ ತಿರುಳು. ನಾನು ಹುಟ್ಟಿದ್ದು 1969ರಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಅಜ್ಜಿಯ ಮನೆಯ ಪಡಸಾಲೆಯ ಪಕ್ಕದ ಕೋಣೆಯಲ್ಲಿ. ಯಾರೂ ನೋಂದಣಿ ಮಾಡಿಸಿರಲಿಲ್ಲ. ಪೇಟೆಯ ಏಜೆಂಟರೊಬ್ಬರು ಹಳೆಯ ತಾರೀಖು ಹಾಕಿ ಜನನ ಪ್ರಮಾಣಪತ್ರ ಮಾಡಿಸಿಕೊಡುತ್ತೇನೆ ಎಂದು ಮುಂದೆ ಬಂದರು. ದಯವಿಟ್ಟು ಆ ದಾರಿ ಹಿಡಿಯಬೇಡಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಅಮೆರಿಕದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು. ನ್ಯಾಯವಾದ ದಾರಿ ಇದ್ದೇ ಇದೆ. ರಿಜಿಸ್ಟರಿನಲ್ಲಿ ಹುಡುಕಿಸಿ, ದಾಖಲೆ ಇಲ್ಲ ಎಂಬ ಅಲಭ್ಯ ಪ್ರಮಾಣಪತ್ರ ಪಡೆದೆ. ಅದರ ಜೊತೆಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಶಾಲೆ ಬಿಟ್ಟ ಪ್ರಮಾಣಪತ್ರ ಮತ್ತು ಸೋದರಮಾವನ ಪ್ರಮಾಣಪತ್ರ (ಅಫಿಡವಿಟ್). ಅವ್ವ, ಅಪ್ಪ ಇಬ್ಬರೂ ಇಲ್ಲ. ನಾನು ಹುಟ್ಟಿದ್ದನ್ನು ಕಣ್ಣಾರೆ ಕಂಡವರೆಂದರೆ 84 ವರ್ಷದ ಮಾವ ಒಬ್ಬರೇ. ನೋಟರಿಯವರ ಮುಂದೆ ಸಹಿ ಹಾಕುವ ಮೊದಲು ಅವರು ಕನ್ನಡಕ ಏರಿಸಿಕೊಂಡು ಛಾಪಾ ಕಾಗದವನ್ನು ಪೂರ್ತಿ ಓದಿದರು. "ಸೋಮವಾರ ಸಂತೆಯ ದಿನ ಹುಟ್ಟಿದವಳು ನೀನು, ಅದನ್ನು ಬರೆದೇ ಇಲ್ಲವಲ್ಲ" ಎಂದರು. ಅದನ್ನೂ ಸೇರಿಸಿ ಹೊಸದಾಗಿ ಟೈಪ್ ಮಾಡಿಸಿದೆ. ಹುಟ್ಟಿದ ದಿನ, ಊರು, ತಂದೆ ತಾಯಿಯ ಹೆಸರು, ಇದೆಲ್ಲ ತಮಗೆ ಹೇಗೆ ಗೊತ್ತು ಎಂಬುದು ಪ್ರಮಾಣಪತ್ರದಲ್ಲಿ ಇರಲೇಬೇಕು.

ಇಷ್ಟಾದರೂ ಒಂದು ಮುಳ್ಳು ಉಳಿದಿತ್ತು. ನನ್ನ ದಾಖಲೆಗಳಲ್ಲಿ ಅಪ್ಪನ ಹೆಸರು ಬಸವಣ್ಣೆಪ್ಪ, ಅಕ್ಕನ ದಾಖಲೆಗಳಲ್ಲಿ ಬಸಪ್ಪ. ಊರಲ್ಲಿ ಎರಡೂ ನಡೆಯುತ್ತಿತ್ತು. ಅಕ್ಕನನ್ನು ಶಾಲೆಗೆ ಸೇರಿಸಿದ ದಿನ ಮಾಸ್ತರರು ಕಿವಿಗೆ ಬಿದ್ದದ್ದನ್ನು ಬರೆದುಕೊಂಡಿದ್ದರು, ಅಷ್ಟೇ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಆ ಎರಡು ಹೆಸರು ನೋಡಿದ ಪರದೇಶದ ಅಧಿಕಾರಿಗೆ ಕಾಣುವುದು ಇಬ್ಬರು ಅಪ್ಪಂದಿರು. ಎರಡೂ ಹೆಸರು ಒಬ್ಬರದೇ ಎಂದು ಪ್ರಮಾಣಪತ್ರ ಮಾಡಿಸಿದೆ. ಈಗ ಮಾಡಿಸಿದ ಕಾಗದಕ್ಕಿಂತ ಆಗಿನ ಕಾಗದಕ್ಕೆ ತೂಕ ಹೆಚ್ಚು ಎಂದು ಅನಿಸುತ್ತಲೇ ಇತ್ತು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಾಲ್ಕು ಸಲ ಅಲೆದೆ. ಭೂಮಿ ಯೋಜನೆಯಡಿ ಗಣಕೀಕರಣವಾಗುವ ಮುಂಚಿನ, ನಮ್ಮ ಜಮೀನಿನ ಕೈಬರಹದ ಉತಾರ (ಪಹಣಿ) ಸಿಕ್ಕಿತು. ಬದಿ ಹರಿದ ಹಾಳೆ, ನೀಲಿ ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಕಬ್ಜೆದಾರರ ಕಾಲಮ್ಮಿನಲ್ಲಿ ಬರೆದಿತ್ತು: ಬಸವಣ್ಣೆಪ್ಪ ಉರ್ಫ್ ಬಸಪ್ಪ. ಆ 'ಉರ್ಫ್' ಓದಿದಾಗ ನನಗೆ ಕಣ್ಣು ತುಂಬಿ ಬಂತು. ದೃಢೀಕೃತ ನಕಲು ಪಡೆದು, ಇಂಗ್ಲಿಷಿಗೆ ಅನುವಾದ ಮಾಡಿಸಿ, ಅನುವಾದಕರ ಸಹಿ ಹಾಕಿಸಿಕೊಂಡೆ. ಕನ್ನಡದಲ್ಲಿರುವ ಪ್ರತಿ ದಾಖಲೆಗೂ ಇದು ಬೇಕು.

ಉಳಿದವು ಇಷ್ಟು ಕಷ್ಟವಿರಲಿಲ್ಲ. 1996ರಲ್ಲಿ ಆದ ನಮ್ಮ ಮದುವೆಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಲಗ್ನಪತ್ರಿಕೆ, ಫೋಟೊ, ಸಾಕ್ಷಿಗಳೊಂದಿಗೆ ತಡವಾಗಿ ನೋಂದಾಯಿಸಿದ್ದೆವು. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋದೆವು, ತಲೆಗೆ 500 ರೂಪಾಯಿ. ಸಂದರ್ಶನಕ್ಕೆ ಮೊದಲು ಕಡತ ನೋಡುವ ಅಮೆರಿಕದ ನ್ಯಾಷನಲ್ ವೀಸಾ ಸೆಂಟರಿಗೆ ಒಬ್ಬೊಬ್ಬರಿಗೆ 325 ಡಾಲರ್, ಆರ್ಥಿಕ ಹೊಣೆಯ ಪತ್ರಕ್ಕೆ ಒಟ್ಟಿಗೆ 120 ಡಾಲರ್. ಅದನ್ನು ಅಮೆರಿಕದ ಬ್ಯಾಂಕ್ ಖಾತೆಯಿಂದಲೇ ಕಟ್ಟಬೇಕಾದ್ದರಿಂದ ಅಕ್ಕನೇ ಕಟ್ಟಿದಳು. ಅವಳು ನಿವೃತ್ತಳು, ಆದಾಯ ಸಾಲದು. ಅವಳ ಮಗಳೂ ಜಂಟಿ ಹೊಣೆಗಾರಳಾಗಿ ಆರ್ಥಿಕ ಹೊಣೆಯ ಐ-864 ಪತ್ರವನ್ನು ಪ್ರತ್ಯೇಕವಾಗಿ ಸಹಿ ಹಾಕಿ, ತೆರಿಗೆಯ ದಾಖಲೆಯೊಂದಿಗೆ ಕೊಟ್ಟಳು. ಡಿಎಸ್-260ರಲ್ಲಿ ನಮ್ಮೊಂದಿಗೆ ಬರದ ಮಗನ ವಿವರವನ್ನೂ ತುಂಬಿದೆ. ಬರದ ಮಕ್ಕಳನ್ನು ಬಿಟ್ಟುಬಿಟ್ಟರೆ ನಾಳೆ ಅವರಿಗೇ ತೊಂದರೆ.

ವೈದ್ಯಕೀಯ ಪರೀಕ್ಷೆ ಕಾನ್ಸುಲೇಟ್ ಗೊತ್ತುಮಾಡಿದ ವೈದ್ಯರಲ್ಲೇ ಆಗಬೇಕು. ಎದೆಯ ಎಕ್ಸ್-ರೇ, ಲಸಿಕೆಗಳು, ಮಗಳಿಗೆ ರಕ್ತ ಪರೀಕ್ಷೆ. ನಮಗೆ ಅರ್ಧ ದಿನದಲ್ಲಿ ಮುಗಿಯಿತು. ಮನೆಯಲ್ಲಿ ಯಾರಿಗಾದರೂ ಹಿಂದೆ ಕ್ಷಯ ಆಗಿದ್ದರೆ ಮಾತ್ರ ಬೇಗ ಹೋಗಿ. ಎಕ್ಸ್-ರೇಯಲ್ಲಿ ಅನುಮಾನ ಬಂದರೆ ಮೂರು ದಿನ ಕಫದ ಮಾದರಿ ಕೊಟ್ಟು, ಕಲ್ಚರ್ ಫಲಿತಾಂಶಕ್ಕೆ ಸುಮಾರು ಎಂಟು ವಾರ ಕಾಯಬೇಕಾಗುತ್ತದೆ.

ಸಂದರ್ಶನಕ್ಕೆ ಎರಡು ದಿನ ಮೊದಲು ಹುಬ್ಬಳ್ಳಿ–ದಾದರ್ ರೈಲಿನಲ್ಲಿ ಹೊರಟೆವು. ಮಗ ತಾನೂ ಬರುತ್ತೇನೆ ಎಂದ. "ನಿಮ್ಮ ಮೊಬೈಲ್ ಯಾರು ಹಿಡಿದುಕೊಳ್ಳುತ್ತಾರೆ, ಒಳಗೆ ಬಿಡುವುದಿಲ್ಲವಂತೆ" ಎಂದ. ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ನಾಲ್ವರೂ ಇಡ್ಲಿ ತಿಂದೆವು. ಅವನು ತನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಿಂದಿನ ರಾತ್ರಿ ಲಾಡ್ಜಿನಲ್ಲಿ ನಮ್ಮನ್ನು ಮಂಚದ ಮೇಲೆ ಸಾಲಾಗಿ ಕೂರಿಸಿ ಅವನೇ ಪ್ರಶ್ನೆ ಕೇಳಿದ. ದೊಡ್ಡಮ್ಮ ಯಾವ ವರ್ಷ ಹೋದರು, ಕೊನೆಯ ಸಲ ಬಂದದ್ದು ಯಾವಾಗ, ಅಜ್ಜನ ಪೂರ್ತಿ ಹೆಸರೇನು. ಉತ್ತರ ಉದ್ದವಾದರೆ ತಡೆಯುತ್ತಿದ್ದ. "ಕೇಳಿದ್ದಕ್ಕಷ್ಟೇ ಹೇಳು, ಅವ್ವ."

ಕಾನ್ಸುಲೇಟ್ ಇರುವುದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ. ದಾಖಲೆಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಫೋಲ್ಡರಿನಲ್ಲಿ, ಮೂವರಿಗೂ ಪ್ರತ್ಯೇಕವಾಗಿ, ಮೂಲ ಮೇಲೆ ನಕಲು ಕೆಳಗೆ ಜೋಡಿಸಿದ್ದೆ. ಎಲ್ಲಕ್ಕಿಂತ ಮೇಲೆ ಮಗಳ ವಯಸ್ಸಿನ ಲೆಕ್ಕದ ಒಂದೇ ಹಾಳೆ, ಅದರ ಬೆನ್ನಿಗೆ ಎರಡು ಐ-797. ಮೊದಲ ಕಿಟಕಿಯಲ್ಲಿ ಸಿಬ್ಬಂದಿಯೊಬ್ಬರು ದಾಖಲೆ ಪಡೆದರು. ಅವರಿಗೆ ಬೇಕಾದದ್ದನ್ನು ಕೇಳಿದ ಕ್ಷಣವೇ ತೆಗೆದುಕೊಡಲು ಸಾಧ್ಯವಾದದ್ದು ಈ ಜೋಡಣೆಯಿಂದ. ಆಮೇಲೆ ಕುಳಿತು ಕಾದೆವು. ಕರೆದಾಗ ಮೂವರೂ ಬಲಗೈ ಎತ್ತಿ, ಹೇಳುವುದೆಲ್ಲ ಸತ್ಯ ಎಂದು ಪ್ರಮಾಣ ಮಾಡಿದೆವು.

ಗಾಜಿನಾಚೆ ಇದ್ದದ್ದು ಚಿಕ್ಕ ವಯಸ್ಸಿನ ಮಹಿಳಾ ಅಧಿಕಾರಿ. ಅರ್ಜಿ ಹಾಕಿದವರು ಯಾರು, ಅವರು ಎಲ್ಲಿದ್ದಾರೆ, ಒಡಹುಟ್ಟಿದವರು ಎಷ್ಟು ಮಂದಿ, ಬಾರದ ಮಕ್ಕಳಿದ್ದಾರೆಯೇ ಎಂದು ಕೇಳಿದರು. ಒಬ್ಬ ಮಗನಿದ್ದಾನೆ, ವಯಸ್ಸು ಮೀರಿದೆ ಎಂದೆ. ಅವರು ಒಂದು ಗಳಿಗೆ ತಲೆ ಎತ್ತಿ ನನ್ನನ್ನು ನೋಡಿದರು. ಮಗಳಿಗೆ ಮದುವೆಯಾಗಿದೆಯೇ ಎಂದು ಅವಳನ್ನೇ ಕೇಳಿದರು, ನಿಶ್ಚಯವಾಗಿದೆಯೇ ಎಂದೂ ಕೇಳಿದರು. ಆಮೇಲೆ ನಾನು ಹೆದರಿದ್ದ ಪ್ರಶ್ನೆ ಬಂತು: ನಿಮ್ಮ ತಂದೆಯ ಹೆಸರು ಎರಡು ಕಡೆ ಬೇರೆ ಬೇರೆ ಏಕಿದೆ?

ಎರಡೂ ಅವರದೇ ಹೆಸರು, ಊರಲ್ಲಿ ಚಿಕ್ಕದಾಗಿ ಕರೆಯುತ್ತಿದ್ದರು ಎಂದು ಹೇಳಿ ಉತಾರದ ನಕಲನ್ನು ಕಿಟಕಿಯಡಿ ಸರಿಸಿದೆ. ಅವರು ಅನುವಾದ ಓದಿದರು, ಆಮೇಲೆ ಕನ್ನಡದ ಹಾಳೆಯನ್ನು ಎತ್ತಿಕೊಂಡು ಎಲ್ಲಿದೆ ಎಂದು ಕೇಳಿದರು. ಗಾಜಿನ ಮೇಲೆ ಬೆರಳಿಟ್ಟು ಆ ಸಾಲು ತೋರಿಸಿದೆ. ಯಾವ ವರ್ಷದ ದಾಖಲೆ ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಕಂಪ್ಯೂಟರಿನಲ್ಲಿ ಏನೋ ಬರೆದರು. ಮಗಳ ಲೆಕ್ಕದ ಹಾಳೆಯನ್ನು ತಮ್ಮದರ ಜೊತೆ ಹೋಲಿಸಿ ನೋಡಿದರು. ನನಗೆ ಆ ಹೊತ್ತು ಬಹಳ ದೀರ್ಘವಾಗಿತ್ತು. ಮೂವರ ವೀಸಾ ಮಂಜೂರಾಗಿದೆ, ಪಾಸ್‌ಪೋರ್ಟ್‌ಗಳು ಸದ್ಯ ಕಾನ್ಸುಲೇಟಿನಲ್ಲೇ ಇರುತ್ತವೆ ಎಂದು ಹೇಳಿ ಮೂಲ ದಾಖಲೆಗಳನ್ನು ಹಿಂದಿರುಗಿಸಿದರು.

ಹೊರಗೆ ಬಂದಾಗ ಮಗ ರಸ್ತೆಯಾಚೆ ಮರದ ನೆರಳಿನಲ್ಲಿ ನಿಂತಿದ್ದ. ಎರಡೂ ಜೇಬು ಮೊಬೈಲ್‌ಗಳಿಂದ ಉಬ್ಬಿದ್ದವು, ಭುಜಕ್ಕೆ ತಂಗಿಯ ಚೀಲ. ಅವಳ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ನ್ಯೂಜೆರ್ಸಿಯಲ್ಲಿ ಆಗ ನಡುರಾತ್ರಿ ದಾಟಿತ್ತು, ಅಕ್ಕ ಮಲಗಿರಲಿಲ್ಲ. ಅವನೇ ಕರೆ ಮಾಡಿ, "ದೊಡ್ಡಮ್ಮ, ಆಯಿತು" ಎಂದು ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟ. ನಾನು ಮಾತನಾಡುತ್ತಿರುವಾಗ ಅವನು ನನ್ನ ಕೈಯಿಂದ ಫೋಲ್ಡರ್ ತೆಗೆದುಕೊಂಡು, ಅಜ್ಜನ ಉತಾರ ಮಡಿಕೆಯಾಗದಂತೆ ಒಳಗೆ ಸರಿಸಿಟ್ಟ.